ಅಟ್ಟದ ಕೊಬ್ಬರಿಗೊಂದು ಆಧಾರ

ಮೈಸೂರು
೧೪-೮-೧೯೭೮

ಹಾಲ್ಕುರಿಕೆಯ ಅಜ್ಜಿಗೆ ಮೊಮ್ಮಗಳು ದಾಕ್ಷಾಯಣಿಯ ನಮಸ್ಕಾರ.

ಅಜ್ಜಿ, ಸಿಕ್ಕಿಬಿಟ್ಟಿತು! ಎಂ.ಎ. ಪ್ರಬಂಧಕ್ಕೆ ನಮ್ಮ ಕಡೆಯ ಉಂಡೆ ಕೊಬ್ಬರಿಯನ್ನೇ ಆರಿಸಿಕೊಂಡಿದ್ದೆ. "ಮೊದಲು ಹಿನ್ನೆಲೆ ಹುಡುಕಮ್ಮ. ಆಧಾರ ಸಿಗದಿದ್ದರೆ ವಿಷಯ ಬದಲಾಯಿಸು" ಎಂದಿದ್ದರು ಮೇಷ್ಟ್ರು. ಹತ್ತು ದಿನ ಲೈಬ್ರರಿಯಲ್ಲಿ ಕೂತೆ. ಎಲ್ಲ ಪುಸ್ತಕದಲ್ಲೂ ಒಡೆದು ಬಿಸಿಲಿಗಿಡುವ ಕೊಬ್ಬರಿಯದೇ ಮಾತು. ಇಡೀ ಕಾಯನ್ನು ವರ್ಷವೆಲ್ಲ ಅಟ್ಟದಲ್ಲಿಡುವ ನಮ್ಮ ಪದ್ಧತಿಗೆ ಸಿಕ್ಕಿದ್ದು ಒಂದೇ ಸಾಲು: "ಒಳಗೆ ಒಣಗಿದ್ದನ್ನು ಒಡೆಯದೆ ಹೇಗೆ ಕಂಡುಕೊಳ್ಳುತ್ತಾರೋ ತಿಳಿಯದು."

ಓದಿ ಜೋರಾಗಿ ನಕ್ಕುಬಿಟ್ಟೆ, ಲೈಬ್ರರಿಯವರಿಂದ ಬೈಸಿಕೊಂಡೆ. ನೀನು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ನೀರೈತೆ ಕಣೇ, ಮೇಲಿಕ್ಕು" ಅನ್ನುತ್ತಿದ್ದದ್ದನ್ನು ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. ನೀರು ಇಂಗಿದ ಮೇಲೆ ಉಂಡೆ ಚಿಪ್ಪಿನೊಳಗೆ ಗಡಗಡ ಅಲ್ಲಾಡುವ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದೆ. "ಇವರೇ ನಿನ್ನ ಆಧಾರ. ಪಟ್ಟಿಯಲ್ಲಿ ಪುಸ್ತಕಗಳಿಗಿಂತ ಮೊದಲು ಇವರ ಹೆಸರು ಬರೆ" ಎಂದರು.

ಬರೆಯಲು ಕೂತರೆ ಪೆನ್ನು ಓಡಲಿಲ್ಲ. ಊರೆಲ್ಲ ನಿನ್ನನ್ನು ಅಟ್ಟದಜ್ಜಿ ಅನ್ನುತ್ತದೆ, ನಾನು ಬರೀ ಅಜ್ಜಿ ಅನ್ನುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ.

ಇದನ್ನು ಓದಿ ಹೇಳುತ್ತಿರುವ ಅಪ್ಪನಿಗೆ ಹೇಳಿ, ನಿನ್ನ ಪೂರ್ತಿ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆಸಿ ಕಳಿಸು. ಮೊದಲ ಸಾಲು ಖಾಲಿ ಬಿಟ್ಟಿದ್ದೇನೆ.

ನಿನ್ನ
ದಾಕ್ಷಾಯಣಿ