ದೋಣಿಯ ಇಳಿಜಾರಿನಲ್ಲಿ ಹೂಕುಂಡಗಳು

ಮಾರ್ಚ್ ೧೨, ಮಂಗಳವಾರ, ರಾತ್ರಿ

ನಾನು ಸಭೆಗೆ ವಂದಿಸಿ, ಹಿರಿಯರಿಗೆ ಕೃತಜ್ಞತೆ ಹೇಳುವವರೆಗೆ ಎಲ್ಲರೂ ನಗುನಗುತ್ತಲೇ ಇದ್ದರು. ಹೊಸ ಅಪಾರ್ಟ್‌ಮೆಂಟಿನವರು ನನ್ನನ್ನು ಕರೆದದ್ದೇ ಈ ದಡದಲ್ಲಿ ಬಾಳುವುದು ಹೇಗೆಂದು ತಿಳಿಸಲು. ನಾನು ಹೇಳಿದ್ದು ಒಂದೇ ಮಾತು: ದೋಣಿ ಇಳಿಸುವ ಇಳಿಜಾರನ್ನು ಖಾಲಿ ಬಿಡಿ. ಅಲ್ಲಿ ಆಗಲೇ ಸಿಮೆಂಟಿನ ಹೂಕುಂಡಗಳ ಸಾಲು ಬಂದು ಕೂತಿದೆ.

"ಮೇಷ್ಟ್ರೇ, ಫೋಟೊದಲ್ಲಿ ಎಷ್ಟು ಚೆನ್ನಾಗಿ ಬರುತ್ತೆ ನೋಡಿ! ದೋಣೀನ ಬೇರೆ ಕಡೆ ಇಳಿಸ್ಕೊಳ್ಳಿ," ಎಂದರು ಅವರ ಸಂಘದ ಅಧ್ಯಕ್ಷರು.

ಬೇರೆ ಕಡೆ ಎಲ್ಲಿ? ಉಳಿದ ದಡಕ್ಕೆಲ್ಲ ಇವರೇ ಗೋಡೆ ಕಟ್ಟಿಸಿದ್ದಾರೆ. ಮೈಯೆಲ್ಲ ಉರಿದುಹೋಯಿತು. ನನ್ನ ಶಿಷ್ಯರು ವರ್ಷವಿಡೀ ಹಲಗೆ ಬಾಗಿಸಿ, ಸಂದಿಗಳಿಗೆ ಹತ್ತಿ ತುಂಬಿ ಕಟ್ಟಿದ ಮೊದಲ ದೋಣಿ ನಾಳೆ ಬೆಳಗಿನ ಭರತಕ್ಕೆ, ಸಮುದ್ರದ ನೀರು ಉಕ್ಕಿ ಏರುವ ಹೊತ್ತಿಗೆ, ನೀರಿಗಿಳಿಯಬೇಕು. ಇದು ತಪ್ಪಿದರೆ ಅಷ್ಟು ನೀರು ಮತ್ತೆ ಏರುವುದು ಮುಂದಿನ ಹುಣ್ಣಿಮೆಗೆ. ಅಷ್ಟರಲ್ಲಿ ಈ ಬಿಸಿಲಿಗೆ ಹಲಗೆಗಳು ಬಿರಿಯುತ್ತವೆ. ಮಕ್ಕಳ ಶ್ರಮಕ್ಕಿಂತ ಇವರಿಗೆ ಕುಂಡ ಹೆಚ್ಚಾಯಿತೇ?

ಹೊರಗೆ ಕಾಯುತ್ತಿದ್ದ ಶಿಷ್ಯರಲ್ಲಿ ಕಿರಿಯಳು, ನಾವೆಲ್ಲ ವಟವಟಿ ಎನ್ನುವವಳು, "ದೋಣಿಗೆ ರೆಕ್ಕೆ ಕಟ್ಬಿಡೋಣ ಬಿಡಿ, ಮೇಷ್ಟ್ರೇ," ಎಂದಳು. ಯಾರೂ ನಗಲಿಲ್ಲ. ಆಮೇಲೆ ಅವಳೇ ಕೇಳಿದಳು: "ನಾಲ್ಕು ಜನ ಹಿಡಿದ್ರೆ ಕುಂಡ ಏಳಲ್ವಾ?"

ತಾಳ್ಮೆಯಿರಲಿ, ಮತ್ತೊಮ್ಮೆ ಕೇಳಿ ನೋಡುತ್ತೇನೆ ಎಂದು ಅವರನ್ನು ಮನೆಗೆ ಕಳುಹಿಸಿದೆ. ಈಗ ಇದನ್ನು ಬರೆಯುತ್ತ ಮತ್ತೆ ಯೋಚಿಸಿದೆ. ಯಾರನ್ನು ಕೇಳುವುದು? ಏತಕ್ಕೆ ಕೇಳುವುದು? ಒಂದು ಗಿಡವೂ ಮುರಿಯದಂತೆ ಕುಂಡಗಳನ್ನು ಎತ್ತಿ ಗೋಡೆಯ ಬದಿಗೆ ಇಟ್ಟರಾಯಿತು. ಬೆಳಗಾಗುತ್ತಲೇ ಶಿಷ್ಯರಿಗೆ ಹೇಳುವುದು ಇಷ್ಟೇ: ಬನ್ನಿ ಮಕ್ಕಳೇ, ನೀರು ಏರುತ್ತಿದೆ, ಕೈ ಹಚ್ಚಿ.