ಜಗತ್ತಿನ ಕಾಡೂ ನಮ್ಮವ್ವನ ಕುಡುಗೋಲೂ

ಕಾಡು ಕಾಯುವ ದೊಡ್ಡ ಸಾಹೇಬರೇ,

ನಿಮ್ಮ ಗಾರ್ಡು ಕಿತ್ತುಕೊಂಡ ನಮ್ಮವ್ವನ ಕುಡುಗೋಲು ಇನ್ನೂ ವಾಪಸು ಬಂದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇ ಎಂದು ಬೇಸರಪಡಬೇಡಿ. ಇದು ಇಡೀ ಪ್ರಪಂಚದ ವಿಷಯ ಎಂದವರು ತಾವೇ.

ಈ ಜೂನಿನಲ್ಲಿ ವಿಶ್ವ ಪರಿಸರ ದಿನಕ್ಕೆಂದು ಉಬ್ರಾಣಿ ಕಡೆಯ ನಮ್ಮೂರಿಗೆ ಜೀಪಿನಲ್ಲಿ ಬಂದಿರಿ. ಅಂದೇ ಬೆಳಿಗ್ಗೆ ಅವ್ವ ದ್ಯಾಮಮ್ಮ ಕಾಡಂಚಿನಿಂದ ಒಣ ಪುಳ್ಳೆ ಹೊತ್ತು ಬರುವಾಗ ಗಾರ್ಡು ಹೊರೆ, ಹಗ್ಗ, ಕುಡುಗೋಲು ಎಲ್ಲವನ್ನೂ ಜಪ್ತಿ ಮಾಡಿದ್ದರು. ಶಾಮಿಯಾನದಲ್ಲಿ ತಾವು ಪ್ರಪಂಚದ ನಕ್ಷೆ ಬಿಡಿಸಿ, ಆಫ್ರಿಕಾದಲ್ಲಿ ಮರುಭೂಮಿ ಬೆಳೆಯುತ್ತಿದೆ, ಹಿಮಾಲಯ ಬೋಳಾಗುತ್ತಿದೆ, ಇದಕ್ಕೆಲ್ಲ ಸೌದೆ ಆರಿಸುವ ಹೆಂಗಸರೇ ಕಾರಣ ಎಂದಿರಿ. ನಾನು ಹತ್ತನೇ ಕ್ಲಾಸು ಓದಿದವನು. ಅಮೆರಿಕಾ, ರಷ್ಯಾ ನೆಲದೊಳಗೆ ಅಣುಬಾಂಬು ಸಿಡಿಸಿ ನೋಡುತ್ತವೆ ಎಂದು ಪೇಪರಿನಲ್ಲಿ ಓದಿದ್ದೆ. ಅದರಿಂದ ಭೂಮಿಗೆ ಏನೂ ಆಗದು, ಅವ್ವನ ಒಲೆಯಿಂದಲೇ ಆಗುವುದು ಎಂದು ಅಂದು ತಿಳಿಯಿತು. ನಮ್ಮ ಕಾಡಿನ ಬಿದಿರು ಲಾರಿಗಟ್ಟಲೆ ಕಾರ್ಖಾನೆಗೆ ಹೋಗುತ್ತದಲ್ಲ ಎಂದು ಕೇಳಿದೆ. "ಅದಕ್ಕೆ ಪರ್ಮಿಟ್ ಇದೆ" ಎಂದಿರಿ. ಪರ್ಮಿಟ್ ಇದ್ದರೆ ಮರುಭೂಮಿ ಬರುವುದಿಲ್ಲವೇ, ಸ್ವಾಮಿ?

ಅಷ್ಟರಲ್ಲಿ ಅವ್ವ ಎದ್ದು ನಿಂತಳು.

"ಸಾಹೇಬ್ರೇ, ಆ ನಕ್ಷೆದಾಗೆ ನಮ್ಮೂರು ಎಲ್ಲೈತೆ ತೋರಿಸ್ರಿ."

"ಇಷ್ಟು ದೊಡ್ಡ ಪ್ರಪಂಚದಲ್ಲಿ ಅದೆಲ್ಲಿ ಕಾಣುತ್ತಮ್ಮ?"

"ಊರೇ ಕಾಣಲ್ಲ, ನನ್ನ ಹೊರೆ ಹೆಂಗೆ ಕಾಣ್ತ್ರಿ ನಿಮಗೆ?"

ಜನ ನಕ್ಕರು. ತಾವೂ ನಕ್ಕು, ಚಹಾ ತರಲು ಹೇಳಿದಿರಿ.

ಚಹಾ ಬರಲಿಲ್ಲ. ಶಾಮಿಯಾನದ ಹಿಂದೆ ಹೋಟೆಲಿನ ಕೊಟ್ರಬಸಪ್ಪ ಒಲೆ ಊದಿ ಊದಿ ಕೆಮ್ಮುತ್ತಿದ್ದ. ನೋಡಲು ಹೋದ ಅವ್ವನಿಗೆ ಪಕ್ಕದಲ್ಲಿ ಬಿದ್ದಿದ್ದ ತನ್ನ ಹಗ್ಗ ಕಂಡಿತು. ಒಲೆಯಲ್ಲಿ ಹೊಗೆಯಾಡುತ್ತಿದ್ದುದು ಅವಳದೇ ಪುಳ್ಳೆ.

"ನಂಗೇನ್ ಗೊತ್ತು ದ್ಯಾಮಕ್ಕ, ಗಾರ್ಡ್ ತಂದು ಹಾಕಿದ್ರು."

"ಹಿಂಗೆ ತುರುಕಿದ್ರೆ ಉರಿತೈತೇನೋ? ಸರಿ ಅತ್ಲಾಗೆ. ದೂರದಿಂದ ಬಂದಾರೆ, ಪಾಪ" ಎಂದು ತಾನೇ ಕೂತು ಉರಿ ಮಾಡಿಕೊಟ್ಟಳು. ಆ ಚಹಾವನ್ನು ತಾವು ಕೇಳಿ ಎರಡನೇ ಸಲವೂ ಕುಡಿದಿರಿ. ಆಗ ಜಗತ್ತಿನ ಯಾವ ಕಾಡು ಕಡಿಮೆಯಾಯಿತೋ, ನಕ್ಷೆ ಸುತ್ತಿಟ್ಟಿದ್ದರಿಂದ ನನಗೆ ಕಾಣಲಿಲ್ಲ.

ಈಗ ಮಳೆ ಬಿದ್ದು ಬದುಗಳಲ್ಲಿ ಹುಲ್ಲು ಎದ್ದಿದೆ. ಹುಲ್ಲು ಕೊಯ್ದು ಮಾರಿಯೇ ನಮ್ಮ ಮನೆ ನಡೆಯುವುದು. ಪಕ್ಕದ ಮನೆಯ ಹುಲಿಗೆಮ್ಮ ತನ್ನ ಕುಡುಗೋಲು ಕೊಟ್ಟ ದಿನ ಅವ್ವನಿಗೆ ಕೆಲಸ, ಇಲ್ಲದ ದಿನ ಇಲ್ಲ. ಹೊಸದು ತರೋಣ ಎಂದರೆ, "ನಾನೇನು ಕದ್ದಿದ್ನಾ? ನಂದು ನಂಗೆ ಬರ್ಲಿ" ಎನ್ನುತ್ತಾಳೆ. ಬೇಯಿಸಲು ಹೆಚ್ಚೇನೂ ಇಲ್ಲದ್ದರಿಂದ ಒಲೆಯ ಹೊಗೆ ಕಡಿಮೆಯಾಗಿದೆ. ಹಿಮಾಲಯಕ್ಕೆ ಒಳ್ಳೆಯದಾಗಿರಬೇಕು.

ಹೊರೆ ಕೇಳುವುದಿಲ್ಲ, ಅದನ್ನು ತಾವು ಕುಡಿದಾಯಿತು. ಕುಡುಗೋಲನ್ನು, ಕಿತ್ತುಕೊಂಡ ಗಾರ್ಡಿನ ಕೈಯಲ್ಲೇ, ಊರವರ ಎದುರಿಗೆ ವಾಪಸು ಕಳಿಸಿ. ಮುಂದಿನ ವರ್ಷವೂ ಭೂಮಿ ಉಳಿಸಲು ಬರುತ್ತೀರಲ್ಲ, ಚಹಾಕ್ಕೆ ಸೌದೆ ಬೇಕಾಗುತ್ತದೆ.

ಇಂತಿ,
ತಮ್ಮ ನಕ್ಷೆಯಲ್ಲಿ ಕಾಣದ ಊರಿನಿಂದ,
ದ್ಯಾಮಮ್ಮನ ಮಗ ಅಂಜಿನಪ್ಪ
ಜುಲೈ ೧೯೮೪