ಫೋಟೋದ ಮುಂದಿಟ್ಟ ಹಾಲು

ಅಕ್ಕಾ,

ನೀನು ಹೋದ ಮೇಲೆ ಈ ಮನೆಗೆ ಎರಡನೆಯವಳಾಗಿ ಬಂದವಳು ನಾನು. ಇವತ್ತು ನಿನ್ನ ಮಗಳು ಇಂಚರಳಿಗೆ ಶಾಲೆಯಲ್ಲಿ ಮೂಳೆಗಳ ಪಾಠವಾಯಿತಂತೆ. ಸಂಜೆ ರೇಷ್ಮೆ ಮಗ್ಗದಿಂದೆದ್ದು, ಎಂದಿನಂತೆ ಹಾಲಿಗೆ ರಾಗಿಹಿಟ್ಟು ಕದಡಿ ಕಾಯಿಸಿ ಕೊಟ್ಟೆ. ಅವಳು ಲೋಟವನ್ನು ಒಯ್ದು ನಿನ್ನ ಫೋಟೋದ ಮುಂದಿಟ್ಟಳು.

“ಒಟ್ಟೇಲಿದ್ದಾಗ ನನ್ ಮೂಳೆಗೆ ಬೇಕಾದ್ ಕ್ಯಾಲ್ಸಿಯಮ್ಮ ಅಮ್ಮನ್ ಮೂಳೆಯಿಂದ್ಲೂ ತಕಂಡಿದ್ನಂತೆ ಚಿಕ್ಕಮ್ಮ. ಮಿಸ್ ಏಳುದ್ರು. ಪಾಪ, ಅಮ್ಮ ಕುಡೀಲಿ.”

ಅವಳ ಮೂಳೆ ಗಟ್ಟಿಯಾಗಲೆಂದು ಇಷ್ಟು ವರ್ಷ ಒಲೆಯ ಮುಂದೆ ನಿಂತವಳು ನಾನು. ಪಾಪ ಅನ್ನಿಸಿಕೊಂಡವಳು ನೀನು. ನನ್ನ ಮೂಳೆ ಯಾರಿಗಾಗಿಯೂ ಸವೆದಿಲ್ಲವಲ್ಲ.

ಅವಳು ಆಡಲು ಹೋದಾಗ ಆ ಹಾಲನ್ನು ನಾನೇ ಕುಡಿದೆ. ನಿನಗೆ ಕೆನೆಯನ್ನೂ ಬಿಡಲಿಲ್ಲ.

ವಾಪಸ್ ಬಂದವಳು ಖಾಲಿ ಲೋಟ ನೋಡಿ ಕುಣಿದಳು: “ಅಮ್ಮ ಕುಡುದ್ಬುಟ್ಟವ್ಳೆ!”

ನಾನು ತುಟಿ ಒರೆಸಿಕೊಂಡೆ.